ಸ್ಲ್ಯಾಬ್ ಮೇಲಿನ ನೀರು, 14 ದಿನದ ಗುಳಿಗೆ

ಗೋವಾದ ಪರ್ವರಿಯಲ್ಲಿ ನಮ್ಮ ಮನೆಯ ಹಿಂದೆ ದೊಡ್ಡ ಕಟ್ಟಡವೊಂದು ಏಳುತ್ತಿದೆ. ಕೆಲಸದವರಲ್ಲಿ ಮುಕ್ಕಾಲು ಪಾಲು ಬಾದಾಮಿ, ರೋಣ, ಕುಷ್ಟಗಿ ಕಡೆಯವರು. ಸಂಜೆ ಶೆಡ್ಡುಗಳಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ.

ಕಳೆದ ಅಕ್ಟೋಬರಿನಲ್ಲಿ, ಮಳೆ ಬಿಟ್ಟ ಮೇಲೆ, ಸೊಳ್ಳೆ ತಪಾಸಣೆಗೆ ಬಂದ ಆರೋಗ್ಯ ಕಾರ್ಯಕರ್ತೆಯ ಜೊತೆ ನಾನೂ ಸ್ಲ್ಯಾಬ್ ಹತ್ತಿದೆ. ಹೊಸ ಕಾಂಕ್ರೀಟ್ ಬಿರುಕು ಬಿಡದಿರಲಿ ಎಂದು ಅದರ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಕ್ಯೂರಿಂಗ್ ಅಂತ, ಆ ನೀರಿಗೆ ಆಕೆ ಬಿಳಿ ಸೌಟು ಅದ್ದಿ ಎತ್ತಿದರು. ಕಡ್ಡಿ ಚೂರಿನಂಥ ನಾಲ್ಕೈದು ಮರಿಗಳು ನೀರಿನ ಮೇಲ್ಭಾಗಕ್ಕೆ ಅಂಟಿಕೊಂಡಂತೆ ಅಡ್ಡಡ್ಡ ಮಲಗಿದ್ದವು. ನಮ್ಮ ನೆರಳು ಬಿದ್ದದ್ದೇ ತಡ, ಸರ್ರನೆ ಹಿಂದಕ್ಕೆ ಜಾರಿದವು. ಡೆಂಗ್ಯೂ ಸೊಳ್ಳೆಯ ಮರಿ ತಲೆಕೆಳಗಾಗಿ ಜೋತುಬಿದ್ದು ಬಾಲದ ಕೊಳವೆಯಿಂದ ಉಸಿರಾಡುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಮರಿಗೆ ಆ ಕೊಳವೆ ಇಲ್ಲ. ಅದಕ್ಕೇ ಹಾಗೆ ಮಲಗುತ್ತದೆ.

ಪೇಟೆಗಳಲ್ಲಿ ಮಲೇರಿಯಾ ಹರಡುವುದು ಮುಖ್ಯವಾಗಿ ಅನಾಫಿಲಿಸ್ ಸ್ಟೀಫೆನ್ಸೈ ಅನ್ನೋ ಜಾತಿ. ಗಟಾರದ ಕೊಳಕು ಇದಕ್ಕೆ ಬೇಕಿಲ್ಲ. ತಿಳಿನೀರೇ ಇಷ್ಟ. ಟಾಕಿ, ಬ್ಯಾರೆಲ್, ಬಾವಿ, ಸ್ಲ್ಯಾಬ್ ಎಲ್ಲ ಆಗುತ್ತದೆ. 1911ರಲ್ಲಿ ಮುಂಬೈಯ ಮಲೇರಿಯಾ ತನಿಖೆ ಮಾಡಿದ ಡಾ. ಬೆಂಟ್ಲಿ ಅಲ್ಲಿನ ಬಾವಿಗಳ ಕಡೆಗೇ ಬೆರಳು ತೋರಿಸಿದ್ದರು. ಪಣಜಿಯಲ್ಲಿ 1986ರವರೆಗೆ ಮಲೇರಿಯಾ ಅಪರೂಪ. ಕಟ್ಟಡಗಳು ಎದ್ದವು, ಜ್ವರವೂ ಎದ್ದಿತು. ‘ಹೊರಗಿಂದ ಬಂದವರು ರೋಗ ತಂದರು’ ಅನ್ನೋ ಮಾತು ಇಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ನನಗೆ ಸಂಕಟವಾಗುತ್ತದೆ. ಮೈಯಲ್ಲಿ ರೋಗಾಣು ಇದ್ದವರು ಬಂದಿರಬಹುದು, ನಿಜ. ಆದರೆ ಸೊಳ್ಳೆ ಹುಟ್ಟಿದ್ದು ಈ ಕಟ್ಟಡದ ನೀರಿನಲ್ಲಿ. ಅದರ ಬುಡದಲ್ಲೇ ಪರದೆ ಇಲ್ಲದೆ ಮಲಗುವವರು ಇವರೇ ತಾನೇ?

ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಒಣಗಿಸಿದರೆ ಆ ಸರಪಳಿ ಅಲ್ಲೇ ಕಡಿಯುತ್ತದೆ. ಚೆಲ್ಲಲಾಗದ ಬಾವಿಗೆ ಮರಿ ತಿನ್ನುವ ಮೀನು ಬಿಡುತ್ತಾರೆ. ಇನ್ನು ಕೆಲವು ಕಡೆ ಬಿಟಿಐ ಎಂಬ ಬ್ಯಾಕ್ಟೀರಿಯಾ ಸಿಂಪಡಿಸುತ್ತಾರೆ. ಸೊಳ್ಳೆಮರಿಯ ಹೊಟ್ಟೆಗೆ ಅದು ವಿಷ, ನಮಗೆ ಏನೂ ಮಾಡದು.

ದೇಶದ ಲೆಕ್ಕ ನೋಡಿದರೆ ನಿಜಕ್ಕೂ ಖುಷಿಯಾಗುತ್ತದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ ಡಿಡಿಟಿ ಹೊಡೆದರು. 1965ಕ್ಕೆ ಪ್ರಕರಣಗಳು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವು ಅಂದುಕೊಂಡು ಕಾವಲು ಸಡಿಲವಾಯಿತು, ಸೊಳ್ಳೆಗಳೂ ಡಿಡಿಟಿಗೆ ಬಗ್ಗದಾದವು. 1976ರಲ್ಲಿ 64 ಲಕ್ಷ! ಈಗ ಮತ್ತೆ ಇಳಿದಿದ್ದೇವೆ. 2015ರಲ್ಲಿ ದಾಖಲಾದದ್ದು 11 ಲಕ್ಷಕ್ಕೂ ಜಾಸ್ತಿ, 2023ರಲ್ಲಿ ಸುಮಾರು 2.27 ಲಕ್ಷ. ಸಾವು 384ರಿಂದ 83ಕ್ಕೆ ಬಂತು. ಔಷಧ ಲೇಪಿಸಿದ ಸೊಳ್ಳೆಪರದೆ, ಆಶಾ ಕಾರ್ಯಕರ್ತೆಯರ ಕೈಯಲ್ಲೇ ಇರುವ ರಕ್ತಪರೀಕ್ಷೆ ಕಿಟ್, ಆರ್ಟಿಮಿಸಿನಿನ್ ಬೆರೆತ ಔಷಧಗಳು, ಒಡಿಶಾದ ಕಾಡಿನ ಹಳ್ಳಿಗಳನ್ನೂ ಬಿಡದೆ ಮಾಡಿದ ತಪಾಸಣೆ ಎಲ್ಲ ಸೇರಿ ಆದ ಕೆಲಸ ಇದು. 2030ಕ್ಕೆ ದೇಶದಲ್ಲಿ ಮಲೇರಿಯಾ ಇರಬಾರದು ಎಂಬುದು ಗುರಿ.

ಇನ್ನು ಉಳಿದ ದಾರಿಯಲ್ಲಿ ಒಂದು ದೊಡ್ಡ ತೊಡಕಿದೆ. ಅದನ್ನು ಅದೇ ದಿನ ಶೆಡ್ಡಿನಲ್ಲಿ ಕಂಡೆ.

ಬಾದಾಮಿ ಕಡೆಯ ಹತ್ತೊಂಬತ್ತರ ಹುಡುಗ ಕೌದಿ ಹೊದ್ದು ನಡುಗುತ್ತಿದ್ದ. ಆರೋಗ್ಯ ಕಾರ್ಯಕರ್ತೆ ಅವನ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಕಿಟ್‌ಗೆ ಹಾಕಿದರು. ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡಿತು. ವೈವ್ಯಾಕ್ಸ್, ಮಲೇರಿಯಾದ ಒಂದು ಬಗೆ. ಅದಕ್ಕೆ ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್. ನಾಲ್ಕನೇ ದಿನ ಹುಡುಗ ಸೆಂಟ್ರಿಂಗ್ ಕೆಲಸಕ್ಕೆ ಹಾಜರ್. ‘ಜ್ವರ ಹೋತಲ್ರೀ, ಮತ್ಯಾಕ್ ಗುಳಿಗಿ?’ ಅಂದ.

ಕೇಳಬೇಕಾದ ಪ್ರಶ್ನೆಯೇ. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ, ಜ್ವರ ಬಿಡುತ್ತದೆ. ಆದರೆ ವೈವ್ಯಾಕ್ಸ್ ರೋಗಾಣುವಿನ ಕೆಲವು ಪಾಲು ಯಕೃತ್ತಿನಲ್ಲಿ ನಿದ್ದೆ ಹೋಗಿರುತ್ತವೆ. ರಕ್ತಪರೀಕ್ಷೆಯಲ್ಲಿ ಅವು ಸಿಗುವುದಿಲ್ಲ. ವಾರಗಳಾದ ಮೇಲೋ ತಿಂಗಳುಗಳಾದ ಮೇಲೋ ಎಚ್ಚರಗೊಂಡು ಮತ್ತೆ ರಕ್ತಕ್ಕಿಳಿಯುತ್ತವೆ. ಆಗ ಹೊಸ ಸೊಳ್ಳೆ ಕಚ್ಚಬೇಕೆಂದೇ ಇಲ್ಲ. ಆ ಮಲಗಿದವನ್ನು ಕೊಲ್ಲುವುದು ಪ್ರೈಮಾಕ್ವಿನ್. ಇದನ್ನು ಸುಮ್ನೆ ಅಂಗಡಿಯಿಂದ ತಂದು ನುಂಗುವಂತಿಲ್ಲ. ಬಸುರಿಯರಿಗೆ, ವರ್ಷ ತುಂಬದ ಕೂಸುಗಳಿಗೆ ಕೊಡುವುದಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಲ್ಲಿ ರಕ್ತಕಣ ಒಡೆಯಬಹುದು. ಮೂತ್ರ ಕಪ್ಪಗಾದರೆ ಕೂಡಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು.

‘ನಿನ್ನ ಒಳಗ ಇನ್ನೂ ಬೀಜ ಅದಾವಪ್ಪಾ’ ಅಂದೆ. ಹೊಲದ ಹುಡುಗ, ಕರಿಕೆಯ ಬೇರು ಉಳಿದರೆ ಏನಾಗುತ್ತದೆಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ. ಗುಳಿಗೆ ಮುಂದುವರಿಸಿದ.

ಒಂಬತ್ತನೇ ದಿನ ದೀಪಾವಳಿಗೆಂದು ಊರಿಗೆ ಹೊರಟ. ಇನ್ನೂ ಐದು ದಿನದ ಗುಳಿಗೆ ಬಾಕಿ. ಚೀಟಿಯನ್ನೂ ಗುಳಿಗೆಯನ್ನೂ ಚೀಲದಲ್ಲಿ ಹಾಕಿಸಿ, ಅವನ ಫೋನಿನಿಂದಲೇ ಅವನ ಅವ್ವನ ಜೊತೆ ಮಾತಾಡಿದೆ. ‘ಜ್ವರ ಇಲ್ಲದಿದ್ರೂ ಕೊಡಬೇಕ್ರೀ?’ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ‘ಆತ್ರಿ ಹಂಗಾರ. ಉಂಡ ಕೂಡ್ಲೆ ನಾನ ಎಣಿಸಿ ಕೊಡ್ತೀನ್ರೀ’ ಅಂದರು.