ಮಂಜು ಎಂದರೆ ಅಜ್ಞಾನವೆಂದೇ ಅರ್ಥವೆ?

ಓದುಗರ ಪ್ರಶ್ನೆ: ನಾನು ಸಿಂಧನೂರು ಕಡೆಯ ಪದವಿ ವಿದ್ಯಾರ್ಥಿನಿ. ಕಥೆಯಲ್ಲಾಗಲಿ ಕವಿತೆಯಲ್ಲಾಗಲಿ ಮಂಜು ಬಂದರೆ ಅದು ಗೊಂದಲದ ಅಥವಾ ಅಜ್ಞಾನದ ಸಂಕೇತವೆಂದು ಬರೆಯುವುದು ನಮಗೆ ರೂಢಿಯಾಗಿದೆ. ಆದರೆ ನಮ್ಮೂರ ಗದ್ದೆಗಳ ಮೇಲೆ ಕವಿಯುವ ಮಂಜನ್ನು ನೋಡಿದಾಗ ನನಗೆ ಹಾಗೆ ಅನ್ನಿಸುವುದೇ ಇಲ್ಲ. ಸಾಹಿತ್ಯದಲ್ಲಿ ಮಂಜಿಗೆ ಒಂದು ನಿಶ್ಚಿತವಾದ ಅರ್ಥವಿದೆಯೆ?

ಉತ್ತರ: ಇಲ್ಲ, ಅಂಥ ನಿಶ್ಚಿತ ಅರ್ಥವಿಲ್ಲ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಅನೇಕರು ಕೇಳುತ್ತಾರೆ. ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು, ಟಿಪ್ಪಣಿಯಲ್ಲಿ ಬರೆದುಕೊಂಡದ್ದಕ್ಕಿಂತ ಗದ್ದೆಯ ಮೇಲೆ ಕಂಡದ್ದನ್ನು ನೀವು ನಂಬಿರುವುದು. ಆದ್ದರಿಂದ ನಾನೂ ಗದ್ದೆಯಿಂದಲೇ ತೊಡಗುತ್ತೇನೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬಿಸಿಲು. ಆದರೆ ಹಿಂಗಾರು ಮಳೆ ಹಿಂದೆ ಸರಿದು ಆಕಾಶ ತಿಳಿಯಾದ ಮೇಲೆ, ಗಾಳಿಯಾಡದ ರಾತ್ರಿಗಳಲ್ಲಿ ನೆಲ ತನ್ನ ಕಾವನ್ನು ಬೇಗನೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿ ತಣಿದು, ಅದರೊಳಗಿನ ಆವಿ ಬಹು ಸಣ್ಣ ಹನಿಗಳಾಗಿ ತೇಲತೊಡಗುತ್ತದೆ. 1 ಕಿಲೋಮೀಟರಿನಾಚೆಗೆ ಏನೂ ಕಾಣದಂತಾದಾಗ ಹವಾಮಾನ ಶಾಸ್ತ್ರ ಅದನ್ನು ಮಂಜು ಎಂದು ಲೆಕ್ಕ ಹಿಡಿಯುತ್ತದೆ. ತುಂಗಭದ್ರೆಯ ಕಾಲುವೆ ನೀರು ಹರಿದು ನೆಲ ನೆನೆದಿರುವ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಬಯಲುಗಳಲ್ಲಿ ಇದಕ್ಕೆ ಬೇಕಾದ ತೇವ ಸಾಕಷ್ಟಿರುತ್ತದೆ.

‘ಮಂಜು ಬಿತ್ತು’ ಎಂಬ ಒಂದೇ ಮಾತಿಗೆ ನಮ್ಮಲ್ಲಿ ಹೊಲದಿಂದ ಹೊಲಕ್ಕೆ ಅರ್ಥ ಬೇರೆಯಾಗುತ್ತದೆ ಎಂಬುದನ್ನು ನೀವು ಮನೆಯಲ್ಲಿಯೇ ಕೇಳಿರುತ್ತೀರಿ. ತೊಗರಿ ಹೂ ಬಿಟ್ಟಿರುವಾಗ ನಾಲ್ಕು ದಿನ ಬಿಡದೆ ಮಂಜು ಕವಿದರೆ ಹೂ ಉದುರಿ, ಆ ವರ್ಷದ ಆಸೆಯೇ ಉದುರಿದಂತಾಗುತ್ತದೆ. ಭತ್ತದ ಎಲೆ ಬಹಳ ಹೊತ್ತು ಒದ್ದೆಯಾಗಿಯೇ ಉಳಿದರೆ ಬೆಂಕಿ ರೋಗಕ್ಕೆ ದಾರಿಯಾಗುತ್ತದೆ. ಆದರೆ ಮಳೆಯನ್ನು ನೆಚ್ಚದೆ ಎರೆಮಣ್ಣಿನ ಹಸಿಯಲ್ಲಿಯೇ ಬೆಳೆಯುವ ಬಿಳಿಜೋಳ ಮತ್ತು ಕಡಲೆಯ ಹೊಲದವರು ಅದೇ ಚಳಿಯನ್ನು, ಅದೇ ಇಬ್ಬನಿಯನ್ನು ಕಾದುಕೊಂಡಿರುತ್ತಾರೆ. ಹಿಂದೆ ನಸುಕಿನಲ್ಲಿ ಕಡಲೆ ಗಿಡಗಳ ಮೇಲೆ ತೆಳುವಾದ ಬಟ್ಟೆ ಹಾಸಿ, ಎಲೆಯ ಹುಳಿ ಇಬ್ಬನಿಯೊಂದಿಗೆ ಅದಕ್ಕೆ ಇಳಿದ ಮೇಲೆ ಹಿಂಡಿಕೊಂಡು, ಹೊಟ್ಟೆನೋವಿಗೆ ಮದ್ದೆಂದು ತೆಗೆದಿಡುವ ರೂಢಿಯೂ ಇತ್ತು. ಒಂದೇ ಬೆಳಗಿನಲ್ಲಿ ಒಬ್ಬರಿಗೆ ಕೇಡಾಗಿ ಇನ್ನೊಬ್ಬರಿಗೆ ಮದ್ದಾಗುವ ವಸ್ತುವಿಗೆ ಸಾಹಿತ್ಯ ಒಂದೇ ಅರ್ಥವನ್ನು ಹೇಗೆ ಅಂಟಿಸೀತು?

ನಮ್ಮ ಮಾತಿನಲ್ಲಿಯೂ ಇದರ ಗುರುತಿದೆ. ಬುದ್ಧಿಗೆ ಮಬ್ಬು ಕವಿಯಿತು ಎನ್ನುವಾಗ ಅದು ಮಂಕುತನ. ಆದರೆ ‘ಮಬ್ಬಿನ್ಯಾಗ ಎದ್ದು ಹೊಲಕ್ಕ ಹೋದ’ ಎನ್ನುವಾಗ ಅದು ಇನ್ನೂ ಬೆಳಕು ಹರಿಯದ ಹೊತ್ತು, ಕೆಲಸ ಶುರುವಾಗುವ ಹೊತ್ತು. ಈ ಭಾಗದಲ್ಲಿ ಬೆಳೆದವರ ಕಿವಿಗೆ ಎರಡೂ ಒಟ್ಟಿಗೇ ಕೇಳಿಸುತ್ತವೆ.

ಇನ್ನು ಅಜ್ಞಾನವೆಂಬ ಅರ್ಥದ ವಿಚಾರ. ಅದು ತಪ್ಪಲ್ಲ, ಬಹಳ ಹಳೆಯದೂ ಹೌದು. ಋಗ್ವೇದದ ಹತ್ತನೆಯ ಮಂಡಲದ 82ನೆಯ ಸೂಕ್ತದ ಕೊನೆಯ ಋಕ್ಕು, ಇದನ್ನೆಲ್ಲ ಹುಟ್ಟಿಸಿದವನನ್ನು ನೀವು ಅರಿಯಲಾರಿರಿ, ಅವನಿಗೂ ನಿಮಗೂ ನಡುವೆ ಬೇರೇನೋ ಬಂದು ನಿಂತಿದೆ ಎಂದು ಹೇಳಿ, ಸ್ತುತಿ ಹಾಡುವವರೇ ‘ನೀಹಾರ’ವನ್ನು, ಅಂದರೆ ಮಂಜನ್ನು, ಹೊದ್ದುಕೊಂಡು ಅಲೆಯುತ್ತಾರೆ ಎನ್ನುತ್ತದೆ. ಗುರುಕೃಪೆಯಾದಾಗ ಅಜ್ಞಾನ ಬೆಳಗಿನ ಮಂಜಿನಂತೆ ಕರಗುತ್ತದೆ ಎಂದು ಮಠಗಳ ಪ್ರವಚನಗಳಲ್ಲಿ ನಾವು ಕೇಳುವ ಹೋಲಿಕೆಯೂ ಈ ಸಾಲಿಗೇ ಸೇರುತ್ತದೆ.

ಆದರೆ ಅದೇ ಪರಂಪರೆಯ ಶ್ವೇತಾಶ್ವತರ ಉಪನಿಷತ್ತನ್ನು ತೆರೆಯಿರಿ. ಅದರ ಎರಡನೆಯ ಅಧ್ಯಾಯದಲ್ಲಿ, ಯೋಗದಲ್ಲಿ ಕುಳಿತವನಿಗೆ ಬ್ರಹ್ಮವು ತೋರುವ ಮೊದಲು ಕಾಣಿಸಿಕೊಳ್ಳುವ ರೂಪಗಳನ್ನು ಎಣಿಸುವಾಗ ಹೊಗೆ, ಸೂರ್ಯ, ಬೆಂಕಿ, ಗಾಳಿ, ಮಿಂಚುಹುಳ, ಮಿಂಚು, ಸ್ಫಟಿಕ, ಚಂದ್ರ ಇವೆಲ್ಲಕ್ಕಿಂತ ಮುಂಚೆ ಬರುವ ಹೆಸರು ಅದೇ ನೀಹಾರ. ಒಂದು ಕಡೆ ಅರಿವಿಗೆ ಅಡ್ಡವಾಗಿ ನಿಂತದ್ದು ಇನ್ನೊಂದು ಕಡೆ ಅರಿವಿನ ಮೊದಲ ಕುರುಹಾಗಿದೆ. ಮಹಾಭಾರತದ ಆದಿಪರ್ವದಲ್ಲಿ ಮೂರನೆಯ ಬಗೆಯನ್ನು ಕಾಣಬಹುದು. ಯಮುನೆಯ ದೋಣಿಯಲ್ಲಿ ಸತ್ಯವತಿಯು ದಡದಲ್ಲಿರುವವರು ನೋಡುತ್ತಾರೆ ಎಂದು ಅಳುಕಿದಾಗ ಪರಾಶರನು ಮಂಜನ್ನು ಸೃಷ್ಟಿಸಿ ಆ ಪ್ರದೇಶವನ್ನೆಲ್ಲ ಮರೆಮಾಡುತ್ತಾನೆ. ವ್ಯಾಸರು ಹುಟ್ಟುವುದು ಆ ಕೂಟದಿಂದ. ಇಲ್ಲಿ ಮಂಜು ಒಂದು ತೆರೆ, ಊರಿನ ಕಣ್ಣಿನಿಂದ ಒದಗಿದ ಮರೆ. ಅದರೊಳಗೆ ನಡೆದುದರ ಬಗ್ಗೆ ಇಂದು ನಾವು ಬೇರೆ ಪ್ರಶ್ನೆಗಳನ್ನು ಕೇಳಬಹುದು, ಕೇಳಲೂಬೇಕು. ಆದರೆ ಅದಕ್ಕೆ ಗೊಂದಲ ಎಂಬ ಚೀಟಿ ಹಚ್ಚಲಾಗದು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಲಕ್ಷ್ಮಣನು ಮಾಡುವ ಹೇಮಂತ ಋತುವಿನ ವರ್ಣನೆ. ಮುಂಜಾನೆ ಗೋದಾವರಿಗೆ ಸ್ನಾನಕ್ಕೆ ಹೋಗುವ ದಾರಿಯಲ್ಲಿ ಅವನು ಹೇಳುತ್ತಾನೆ: ಉಸಿರು ತಾಗಿ ಕುರುಡಾದ ಕನ್ನಡಿಯಂತೆ ಚಂದ್ರ ಹೊಳೆಯದಾಗಿದ್ದಾನೆ. ಕನ್ನಡಿಗೆ ‘ಅಂಧ’ ಎಂಬ ಮಾತನ್ನು ಬಳಸಿದ ಈ ಸಾಲನ್ನು ಒಂಬತ್ತನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನನು ಧ್ವನಿಗೆ, ಅಂದರೆ ಪದದ ನೇರ ಅರ್ಥದಾಚೆಗೆ ಹೊಳೆಯುವ ಅರ್ಥಕ್ಕೆ, ಉದಾಹರಣೆಯಾಗಿ ಎತ್ತಿಕೊಂಡದ್ದರಿಂದ ಅದು ಪ್ರಸಿದ್ಧವಾಯಿತು. ಆದರೆ ಅದೇ ವರ್ಣನೆಯಲ್ಲಿ ತುಸು ಮುಂದೆ, ಅಷ್ಟಾಗಿ ಯಾರೂ ಎತ್ತದ ಇನ್ನೊಂದು ಮಾತಿದೆ. ನೀರನ್ನೇ ಮುಚ್ಚಿದ ಆವಿಯ ನಡುವೆ ನದಿಗಳಲ್ಲಿರುವ ಸಾರಸ ಪಕ್ಷಿಗಳು ‘ರುತವಿಜ್ಞೇಯ’, ಅಂದರೆ ಕೂಗಿನಿಂದ ಮಾತ್ರ ತಿಳಿಯತಕ್ಕವು. ಕಣ್ಣು ಸೋತಲ್ಲಿ ಕಿವಿ ಕೆಲಸಕ್ಕೆ ತೊಡಗಿತು. ಆನೆಗೊಂದಿಯ ಬಳಿ ತುಂಗಭದ್ರೆಯ ದಡದಲ್ಲಿ ಚಳಿಗಾಲದ ಬೆಳಗಿನಲ್ಲಿ ನಿಂತು, ಎದುರಿನ ದಡವೇ ಇಲ್ಲವೆಂಬಂತಿರುವಾಗ ಆ ಕಡೆಯ ಮಾತು ಪಕ್ಕದಲ್ಲಿಯೇ ಆಡಿದಷ್ಟು ಸ್ಪಷ್ಟವಾಗಿ ಕೇಳಿಸಿದಾಗ ಈ ಒಂದು ಪದದ ಬೆಲೆ ನನಗೆ ತಿಳಿಯಿತು. ಆ ವರ್ಣನೆಯುದ್ದಕ್ಕೂ ತೆನೆ ಬಾಗಿದ ಭತ್ತವಿದೆ, ಆವಿ ಮುಸುಕಿದ ಗೋಧಿಯ ಹೊಲವಿದೆ. ಸಂಕೇತಗಳನ್ನು ಹುಡುಕುವ ಅವಸರದಲ್ಲಿ ನಾವು ದಾಟಿ ಹೋಗುವುದು ಇಂಥವನ್ನೇ.

ಗೊಂದಲವೆಂಬ ಅರ್ಥ ನಮ್ಮ ತರಗತಿಗಳಲ್ಲಿ ಇಷ್ಟು ಗಟ್ಟಿಯಾಗಿ ಕುಳಿತಿರುವುದರಲ್ಲಿ ಇಂಗ್ಲಿಷ್ ಕಾದಂಬರಿಯ ಪಾಲೂ ಇದೆ ಎಂದು ನನ್ನ ಅಭಿಪ್ರಾಯ. ಚಾರ್ಲ್ಸ್ ಡಿಕೆನ್ಸ್ 1852–53ರಲ್ಲಿ ಕಂತುಗಳಲ್ಲಿ ಹೊರತಂದ ‘ಬ್ಲೀಕ್ ಹೌಸ್’ ಲಂಡನ್ನಿನ ಮಂಜಿನಿಂದ ಆರಂಭವಾಗುತ್ತದೆ. ಆ ಮಂಜಿನ ನಡುಮಧ್ಯದಲ್ಲಿ, ವ್ಯಾಜ್ಯಗಳು ತಲೆಮಾರುಗಟ್ಟಲೆ ಮುಗಿಯದ ಚಾನ್ಸರಿ ನ್ಯಾಯಾಲಯ ಕುಳಿತಿದೆ. ಅಲ್ಲಿ ಗೊಂದಲವೆಂಬ ಅರ್ಥ ಸರಿಯಾಗಿ ಹೊಂದುತ್ತದೆ. ಆದರೆ ಅದು ಕಲ್ಲಿದ್ದಲ ಹೊಗೆ ಬೆರೆತ ಮಂಜು ಎಂಬುದನ್ನು ಮರೆಯಬಾರದು. ಅಂಥದೇ ಹೊಗೆಮಂಜು 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಕವಿದಾಗ ಸಾವಿರಾರು ಜನ ಸತ್ತರು. ಆ ಊರಿನ ಲೇಖಕ ಮಂಜಿನಲ್ಲಿ ಕೊಳೆತ ವ್ಯವಸ್ಥೆಯೊಂದನ್ನು ಕಂಡದ್ದಕ್ಕೆ ಕಾರಣ ಆ ಊರಿನ ಗಾಳಿಯಲ್ಲಿಯೇ ಇತ್ತು. ಕೃಷ್ಣೆಯ ದಡದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿಯೂ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿನ ಚಳಿಗಾಲದ ಬೆಳಗನ್ನು ಬರೆಯುವವರ ಮಂಜು ಮಾನ್ವಿಯ ಕಡಲೆ ಹೊಲದ ಮಂಜಿನಂತೆ ಇರಲಾರದು.

ಹೀಗಾಗಿ ಮಂಜು ಏನನ್ನು ಸಂಕೇತಿಸುತ್ತದೆ ಎಂದು ಕೇಳುವ ಮೊದಲು, ಆ ಮಂಜು ಯಾರಿಂದ ಏನನ್ನು ಮರೆಮಾಡಿದೆ, ಅದರೊಳಗೆ ಏನು ಉಳಿದಿದೆ, ಅದು ಕರಗಿದಾಗ ಏನು ಬದಲಾಗಿದೆ ಎಂದು ನೋಡಿ. ಸಿಬಿಎಸ್‌ಇ ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದ ಮೂಲಕ ಅನೇಕ ಮಕ್ಕಳು ಓದಿರುವ ಕಾರ್ಲ್ ಸ್ಯಾಂಡ್‌ಬರ್ಗ್ ಅವರ ‘ಫಾಗ್’ ಎಂಬ ಆರು ಸಾಲಿನ ಕವಿತೆಯಲ್ಲಿ ಇದನ್ನು ಪರೀಕ್ಷಿಸಬಹುದು. 1916ರ ಸಂಕಲನದಲ್ಲಿ ಸೇರಿದ ಆ ಕವಿತೆಯಲ್ಲಿ ಮಂಜು ಬೆಕ್ಕಿನ ಹೆಜ್ಜೆಯಲ್ಲಿ ಬರುತ್ತದೆ, ಬಂದರನ್ನೂ ನಗರವನ್ನೂ ನೋಡುತ್ತ ಸುಮ್ಮನೆ ಕುಳಿತುಕೊಳ್ಳುತ್ತದೆ, ಆಮೇಲೆ ಎದ್ದು ಮುಂದೆ ಹೋಗುತ್ತದೆ. ದಾರಿ ತಪ್ಪಿದ ಮನುಷ್ಯ ಅದರಲ್ಲಿ ಒಬ್ಬನೂ ಇಲ್ಲ. ಇಲ್ಲಿ ನೋಡುತ್ತಿರುವುದು ಮಂಜು, ನೋಡಿಸಿಕೊಳ್ಳುತ್ತಿರುವುದು ನಗರ. ಉತ್ತರಪತ್ರಿಕೆಯಲ್ಲಿ ಇಷ್ಟನ್ನು ಬರೆಯಿರಿ. ಗೊಂದಲ ಎಂದು ಬರೆಯಲು ಆ ಕವಿತೆಯಲ್ಲಿ ಒಂದು ಸಾಲಿನ ಆಧಾರವೂ ಇಲ್ಲ.