ಹೊಸ ಪಿಕಲ್‌ಬಾಲ್ ಪ್ಯಾಡಲ್: ಹೋಲಿಸಿ ನೋಡುವುದು ಹೇಗೆ, ಎಷ್ಟು ಕಾಲ ಬಾಳುತ್ತದೆ?

ಪ್ರಶ್ನೆ: ಮೊದಲು ಬ್ಯಾಡ್ಮಿಂಟನ್ ಆಡುತ್ತಿದ್ದೆ. ಈಗ ಅಪಾರ್ಟ್‌ಮೆಂಟಿನ ಕೋರ್ಟಿನಲ್ಲಿ ಪಿಕಲ್‌ಬಾಲ್ ಶುರು ಮಾಡಿದ್ದೇನೆ. ಒಂದು ಒಳ್ಳೆಯ ಪ್ಯಾಡಲ್ ಬೇಕು. 3 ಸಾವಿರದ್ದೂ ಸಿಗುತ್ತದೆ, 15 ಸಾವಿರ ದಾಟಿದ್ದೂ ಸಿಗುತ್ತದೆ. ಎಲ್ಲದರ ಮೇಲೂ ಕಾರ್ಬನ್ ಫೈಬರ್ ಅಂತಲೇ ಬರೆದಿರುತ್ತದೆ. ಯಾವುದು ಚೆನ್ನಾಗಿದೆ ಅಂತ ಪರೀಕ್ಷೆ ಮಾಡುವುದು ಹೇಗೆ? ಎಷ್ಟು ಕಾಲ ಬಾಳುತ್ತದೆ ಅಂತ ಮೊದಲೇ ಗೊತ್ತಾಗುತ್ತಾ?

ಉತ್ತರ: ಬಾಳಿಕೆ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಆದರೆ ತಂದ ದಿನವೇ ಒಂದೆರಡು ವಿಷಯ ದಾಖಲಿಸಿಟ್ಟರೆ, ಪ್ಯಾಡಲ್ ಕೆಡಲು ಶುರುವಾದಾಗ ಸ್ಪಷ್ಟವಾಗಿ ಗೊತ್ತಾಗುತ್ತದೆ. ನಿಮ್ಮ ಕೈಗೆ ಯಾವುದು ಒಪ್ಪುತ್ತದೆ ಅನ್ನುವುದನ್ನಂತೂ ಒಂದೇ ಸಂಜೆಯಲ್ಲಿ ಕಂಡುಕೊಳ್ಳಬಹುದು.

ಮೊದಲು ಪ್ಯಾಡಲ್ ಒಳಗೆ ಏನಿದೆ ನೋಡೋಣ. ಹೆಚ್ಚಿನ ಪ್ಯಾಡಲ್‌ಗಳ ನಡುವೆ ಜೇನುಗೂಡಿನಂತೆ ಆರು ಮೂಲೆಯ ಕೋಶಗಳಿರುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಲಗೆ ಇರುತ್ತದೆ. ಅದೇ ಕೋರ್. ಅದರ ಎರಡೂ ಬದಿಗೆ ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಫೈಬರ್ ಹಾಳೆ ಅಂಟಿಸಿರುತ್ತಾರೆ. ಕೋರ್ ಸಾಮಾನ್ಯವಾಗಿ 13, 14 ಅಥವಾ 16 ಮಿಲಿಮೀಟರ್ ದಪ್ಪ. ತೆಳು ಕೋರ್‌ನಿಂದ ಬಾಲ್ ಚುರುಕಾಗಿ ಹೊರಡುತ್ತದೆ. ದಪ್ಪ ಕೋರ್ ಹೊಡೆತದ ರಭಸ ತಗ್ಗಿಸಿ ಬಾಲ್ ಮೇಲೆ ಹಿಡಿತ ಕೊಡುತ್ತದೆ. ಹೊಸಬರಿಗೆ ನಾನು 16ನ್ನೇ ಹೇಳುತ್ತೇನೆ.

ಆಕಾರಕ್ಕೂ ನಿಯಮವಿದೆ. ಅಮೆರಿಕದಲ್ಲಿ ಈ ಆಟದ ನಿಯಮ ನೋಡಿಕೊಳ್ಳುವ ಸಂಸ್ಥೆ ಯುಎಸ್‌ಎ ಪಿಕಲ್‌ಬಾಲ್ ಪ್ರಕಾರ ಉದ್ದ, ಅಗಲ ಸೇರಿ 24 ಇಂಚು ಮೀರುವ ಹಾಗಿಲ್ಲ. ಉದ್ದವೊಂದೇ 17 ಇಂಚು ದಾಟುವ ಹಾಗಿಲ್ಲ. ಹಾಗಾಗಿ ಮಿತಿಯ ಅಂಚಿನಲ್ಲಿ ಮಾಡಿದ 16.5 ಇಂಚಿನ ಪ್ಯಾಡಲ್ ಅಗಲದಲ್ಲಿ 7.5ಕ್ಕೆ ಇಳಿಯಲೇಬೇಕು. ಉದ್ದನೆಯದು ದೂರ ಎಟುಕುತ್ತದೆ, ಆದರೆ ಬಾಲ್ ಅಂಚಿಗೆ ತಾಗಿದಾಗ ಕೈಯಲ್ಲಿ ಜಾಸ್ತಿ ತಿರುಚಿಕೊಳ್ಳುತ್ತದೆ.

ಇನ್ನು ತೂಕ. ಹೆಚ್ಚಿನವು 210ರಿಂದ 240 ಗ್ರಾಂ ಒಳಗೇ ಇರುತ್ತವೆ. ಅಡುಗೆಮನೆಯ ತಕ್ಕಡಿಯಲ್ಲಿ ಎರಡು ಪ್ಯಾಡಲ್ ಒಂದೇ ತೂಕ ತೋರಿಸಿದರೂ ಬೀಸಿದಾಗ ಒಂದು ಭಾರ ಅನ್ನಿಸಬಹುದು. ಯಾಕೆಂದರೆ ತೂಕ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಪ್ಯಾಡಲನ್ನು ಬೆರಳಿನ ಮೇಲೆ ಅಡ್ಡ ಇಟ್ಟು ಎಲ್ಲಿ ಸಮ ನಿಲ್ಲುತ್ತದೆ ನೋಡಿ. ಆ ಜಾಗ ಹಿಡಿಯ ತುದಿಯಿಂದ ದೂರ ಹೋದಷ್ಟೂ ತಲೆ ಭಾರ. ಬ್ಯಾಡ್ಮಿಂಟನ್‌ನಿಂದ ಬಂದವರು ಮಣಿಕಟ್ಟಿನಿಂದ ಆಡುತ್ತಾರೆ, ಅಲ್ವಾ? ಅವರಿಗೆ ತಲೆ ಹಗುರ ಇರುವುದು ಬೇಗ ಒಗ್ಗುತ್ತದೆ.

ಈಗ ಹೋಲಿಕೆ. ಜನ ಸಾಮಾನ್ಯವಾಗಿ ಮಾಡುವುದು ಏನು? ಹೊಸ ಪ್ಯಾಡಲ್ ಕೈಗೆ ಸಿಕ್ಕ ಕೂಡಲೇ ಜೋರಾಗಿ ಡ್ರೈವ್ ಹೊಡೆಯುತ್ತಾರೆ. ಯಾವುದು ಜಾಸ್ತಿ ಹೊಡೆಯಿತೋ ಅದನ್ನೇ ಕೊಂಡುಬಿಡುತ್ತಾರೆ. ಆಮೇಲೆ ಕಿಚನ್ ಹತ್ತಿರ, ಅಂದರೆ ನೆಟ್‌ಗೆ ತಾಗಿದ ಪಟ್ಟಿಯ ಹತ್ತಿರ, ಮೆತ್ತಗೆ ನೆಟ್ ದಾಟಿಸುವ ಒಂದು ಡಿಂಕ್ ಕೂಡ ನಿಲ್ಲುವುದಿಲ್ಲ. ಡಬಲ್ಸ್‌ನಲ್ಲಿ ಪಾಯಿಂಟ್ ಹೋಗುವುದು ಹೆಚ್ಚಾಗಿ ಅಲ್ಲೇ. ಹಾಗಾಗಿ ಪರೀಕ್ಷೆಯೂ ಮೆತ್ತಗಿನ ಹೊಡೆತಗಳಿಂದಲೇ ಶುರುವಾಗಬೇಕು.

ಎರಡೂ ಪ್ಯಾಡಲ್‌ಗೆ ಒಂದೇ ಥರದ ಓವರ್‌ಗ್ರಿಪ್ ಸುತ್ತಿ. ಒಂದೇ ಬಾಲ್, ಒಂದೇ ಕೋರ್ಟ್, ಎದುರಿಗೆ ಆಡುವವರೂ ಬದಲಾಗದಿರಲಿ. ಕಂಪನಿ ಹೆಸರಿನ ಮೇಲೆ ಕಾಗದದ ಟೇಪ್ ಅಂಟಿಸಿ. ಇದು ಚಿಕ್ಕ ಕೆಲಸ, ಆದರೆ ಬಹಳ ಉಪಯೋಗ. ಬೆಲೆ ಗೊತ್ತಿದ್ದರೆ ದುಬಾರಿಯದೇ ಚೆನ್ನಾಗಿ ಆಡಿದ ಹಾಗೆ ಅನ್ನಿಸುತ್ತದೆ. ಆಮೇಲೆ ಬೇಸ್‌ಲೈನ್‌ನಿಂದ ಹತ್ತು ಡ್ರಾಪ್ (ಕಿಚನ್‌ಗೆ ಮೆತ್ತಗೆ ಇಳಿಸುವ ಹೊಡೆತ) ಹಾಕಿ, ಎಷ್ಟು ಕಿಚನ್ ಒಳಗೆ ಬಿದ್ದವು ಬರೆದುಕೊಳ್ಳಿ. ಪ್ಯಾಡಲ್ ಬದಲಿಸಿ, ಮತ್ತೆ ಹತ್ತು. ಹೀಗೆ ಬದಲಿಸುತ್ತಾ ಮೂರು ನಾಲ್ಕು ಸುತ್ತು ಹೋಗಿ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದು ಹಿಡಿದರೆ, ಕೈ ಪಳಗಿದ ಲಾಭ ಸುಮ್ನೆ ಎರಡನೆಯದಕ್ಕೆ ಸಿಗುತ್ತದೆ. ಜೋರಾಗಿ ಬಂದ ಬಾಲನ್ನು ತಡೆದು ಮೆತ್ತಗೆ ಕಿಚನ್‌ಗೆ ಇಳಿಸುವುದನ್ನೂ ಹೀಗೇ ಲೆಕ್ಕ ಹಾಕಿ. ಬೇಕೆಂದೇ ಅಂಚಿನ ಹತ್ತಿರ ಹೊಡೆದು ನೋಡಿ. ಡ್ರೈವ್ ಕೊನೆಗೆ ಇರಲಿ.

ಮನೆಯಲ್ಲಿ ಪ್ಯಾಡಲ್ ಮೇಲೆ ಬಾಲ್ ಬೀಳಿಸಿ ಎಷ್ಟು ಎತ್ತರ ಪುಟಿಯುತ್ತದೆ ಅಂತ ಕೆಲವರು ಅಳೆಯುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಅಷ್ಟು ನಿಧಾನದ ಬಾಲ್‌ಗೆ ಪ್ಯಾಡಲ್‌ನ ಮುಖ, ಅಂದರೆ ಬಾಲ್ ಬಡಿಯುವ ಹಾಳೆ, ಹೆಚ್ಚೇನೂ ಬಾಗುವುದಿಲ್ಲ. ಪ್ರಯೋಗಾಲಯದಲ್ಲಿ ಬಾಲನ್ನು ಯಂತ್ರದಿಂದ ವೇಗವಾಗಿ ಹಾರಿಸಿ, ಬಡಿಯುವ ಮುಂಚಿನ ವೇಗ, ವಾಪಸ್ ಹೊರಟ ವೇಗ ಎರಡನ್ನೂ ಅಳೆಯುತ್ತಾರೆ. ಯುಎಸ್‌ಎ ಪಿಕಲ್‌ಬಾಲ್ ಈ ಪರೀಕ್ಷೆಯನ್ನು 2024ರ ಕೊನೆಯಲ್ಲಿ ಜಾರಿಗೆ ತಂದಿತು. ಪ್ಯಾಡಲ್‌ಗಳ ಶಕ್ತಿ ಅಷ್ಟು ಏರಿಬಿಟ್ಟಿತ್ತು.

ಬಾಳಿಕೆಯ ವಿಷಯದಲ್ಲಿ ಎರಡು ಕಾಯಿಲೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ಮುಖ ಸವೆಯುವುದು. ಸ್ಪಿನ್ ಬರುವುದಕ್ಕೆ ಮುಖದ ಒರಟುತನ ಬಹಳ ಸಹಾಯ ಮಾಡುತ್ತದೆ. ಅದಕ್ಕೂ ಮಿತಿ ಇದೆ: ಸರಾಸರಿ ಅಳತೆಯಲ್ಲಿ 30 ಮೈಕ್ರಾನ್. ಅಷ್ಟು ಸಣ್ಣ ಏರಿಳಿತ ಆಡುತ್ತಾ ಆಡುತ್ತಾ ಸವೆದೇ ಸವೆಯುತ್ತದೆ. ಬಣ್ಣದ ಜೊತೆ ಸಿಂಪಡಿಸಿದ ಒರಟು ಸಾಮಾನ್ಯವಾಗಿ ಬೇಗ ಹೋಗುತ್ತದೆ. ಕಾರ್ಬನ್ ಹಾಳೆಯ ಅಂಟಿನಲ್ಲೇ ಅಚ್ಚಾದ ಒರಟು ಹೆಚ್ಚು ದಿನ ಇರುತ್ತದೆ. ಇದನ್ನು ನೋಡಲು ಯಾವ ಉಪಕರಣವೂ ಬೇಡ. ಬಾಲ್ ಹೆಚ್ಚು ತಾಗುವುದು ನಡುಭಾಗಕ್ಕೆ. ಅಂಚಿನ ಸುತ್ತ ಇರುವ ಪಟ್ಟಿಯ (ಎಡ್ಜ್ ಗಾರ್ಡ್) ಪಕ್ಕದ ಜಾಗ ಬಹುಮಟ್ಟಿಗೆ ಹೊಸದರಂತೆಯೇ ಉಳಿದಿರುತ್ತದೆ. ಎರಡೂ ಕಡೆ ಉಗುರು ಎಳೆದು ನೋಡಿ. ಆದರೆ ಮೊದಲು ಕಾರ್ಬನ್ ಪ್ಯಾಡಲ್‌ಗೆಂದೇ ಸಿಗುವ ರಬ್ಬರ್‌ನಿಂದ ಉಜ್ಜಿ. ಎಷ್ಟೋ ಸಲ ಅದು ಸವೆದಿರುವುದಿಲ್ಲ, ಬಾಲ್‌ನ ಪ್ಲಾಸ್ಟಿಕ್ ಪುಡಿ ತುಂಬಿಕೊಂಡಿರುತ್ತದೆ ಅಷ್ಟೇ.

ಎರಡನೆಯದು ಒಳಗಿನ ಕಾಯಿಲೆ. ಹೊಡೆತ ತಿಂದು ತಿಂದು ಕೋರ್‌ನ ಕೋಶಗಳು ಕುಸಿಯುತ್ತವೆ. ಇಲ್ಲವೇ ಹಾಳೆ ಕೋರ್‌ನಿಂದ ಬಿಟ್ಟುಕೊಳ್ಳುತ್ತದೆ. ಆಗ ಏನಾಗುತ್ತದೆ ಗೊತ್ತಾ? ಪ್ಯಾಡಲ್‌ನ ಶಕ್ತಿ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ಸಡಿಲವಾದ ಮುಖ ಒಳಗೆ ಬಾಗಿ ಬಾಲನ್ನು ಚಿಮ್ಮಿಸುತ್ತದೆ. ಹಳೆಯ ಪ್ಯಾಡಲ್ ಈಚೆಗೆ ಸಕತ್ತಾಗಿ ಹೊಡೆಯುತ್ತಿದೆ ಅಂತ ಯಾರಾದರೂ ಖುಷಿಪಟ್ಟರೆ, ನಾನು ಮೊದಲು ಅನುಮಾನಿಸುವುದು ಇದನ್ನೇ. ಅಂಥ ಪ್ಯಾಡಲ್ ಹಿಡಿದು ಆಡುವುದು ಸರಿಯಲ್ಲ. ನಿಯಮಕ್ಕೆ ಹೊರಗು, ಎದುರಿಗೆ ನಿಂತವರ ಕಣ್ಣಿಗೂ ಅಪಾಯ. ಬಿಸಿಯಲ್ಲಿ ಅಚ್ಚೊತ್ತಿ ಒಂದೇ ತುಂಡಾಗಿ ಮಾಡಿದ ಪ್ಯಾಡಲ್‌ಗಳು ಬಂದಮೇಲೆ ಈ ದೂರು ಹೆಚ್ಚಾಯಿತು. ಈಗ ಕೋಶಗಳ ಬದಲು ಪೂರ್ತಿ ಫೋಮ್ ಕೋರ್ ಇರುವವು ಬರುತ್ತಿವೆ. ಅವುಗಳಲ್ಲಿ ಕುಸಿಯಲು ಕೋಶಗಳೇ ಇಲ್ಲ. ಆದರೆ ಹಾಳೆಗೂ ಫೋಮ್‌ಗೂ ನಡುವೆ ಅಂಟು ಇದ್ದೇ ಇದೆ, ಅದು ಬಿಡಬಹುದು.

ಇದನ್ನು ಹಿಡಿಯುವುದಕ್ಕೇ ಮೊದಲ ದಿನದ ದಾಖಲೆ ಬೇಕು. ಹಿಡಿಯನ್ನು ಮೆಲ್ಲಗೆ ಹಿಡಿದು ಮುಖದ ನಡುವೆ, ಮೇಲೆ, ಎರಡು ಬದಿಗೆ ಬೆರಳ ಗೆಣ್ಣಿನಿಂದ ತಟ್ಟಿ. ಆ ಶಬ್ದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ತಿಂಗಳಿಗೊಮ್ಮೆ ಅದೇ ರೀತಿ ತಟ್ಟಿ ಹೋಲಿಸಿ. ಒಂದು ಜಾಗದಲ್ಲಿ ಮಾತ್ರ ಶಬ್ದ ಬದಲಾಗಿದ್ದರೆ, ಅಥವಾ ಹೆಬ್ಬೆರಳಿಂದ ಒತ್ತಿದಾಗ ಚಟಪಟ ಅಂದರೆ, ಒಳಗೆ ಏನೋ ಬಿಟ್ಟಿದೆ. ವಾರಂಟಿ ಕೇಳುವಾಗ ಈ ರೆಕಾರ್ಡಿಂಗ್ ಕೆಲಸಕ್ಕೆ ಬರುತ್ತದೆ. ಬಿಲ್ ಜೊತೆಗೇ ಇಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಪ್ಯಾಡಲ್ ಬಿಡಬೇಡಿ, ಅಂಟಿಗೆ ಶಾಖ ಆಗುವುದಿಲ್ಲ.

ಹಾಗಾದರೆ 3 ಸಾವಿರದ್ದೋ 15 ಸಾವಿರದ್ದೋ? ಟೇಪ್ ಅಂಟಿಸಿ ಆಡಿದಾಗ ಡ್ರಾಪ್ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಕಡಿಮೆಯದನ್ನೇ ತಗೊಳ್ಳಿ. ದುಬಾರಿ ಪ್ಯಾಡಲ್‌ನಲ್ಲಿ ನೀವು ಕೊಡುವ ಹಣದ ದೊಡ್ಡ ಪಾಲು ಸ್ಪಿನ್‌ಗೆ, ಶಕ್ತಿಗೆ ಹೋಗುತ್ತದೆ. ಬಾಳಿಕೆಗೆ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ಟೂರ್ನಮೆಂಟ್ ಆಡುವ ಯೋಚನೆ ಇದ್ದರೆ ಮಾತ್ರ, ಆ ಮಾಡೆಲ್ ಮಾನ್ಯತೆ ಪಡೆದ ಪಟ್ಟಿಯಲ್ಲಿ ಈಗಲೂ ಇದೆಯಾ ಅಂತ ಕೊಳ್ಳುವ ಮುಂಚೆ ನೋಡಿ. ಪಟ್ಟಿಯಲ್ಲಿದ್ದ ಮಾಡೆಲ್‌ಗಳನ್ನು ಆಮೇಲೆ ತೆಗೆದದ್ದೂ ಉಂಟು.