ಮೋಡ ನುಂಗಿದ ಬಿಸಿಲಿನ ಲೆಕ್ಕ

ವಿಮಾನದ ಬೆನ್ನ ಮೇಲೊಂದು, ಹೊಟ್ಟೆಯಡಿ ಇನ್ನೊಂದು ಪುಟ್ಟ ಗಾಜಿನ ಗುಮ್ಮಟ. ಮೇಲಿನದು ಆಕಾಶದಿಂದ ಇಳಿಯುವ ಬಿಸಿಲನ್ನು ಅಳೆಯುತ್ತದೆ, ಕೆಳಗಿನದು ಕೆಳಗಿನಿಂದ ಮರಳಿ ಬರುವ ಬೆಳಕನ್ನು. ಮೋಡದ ನೆತ್ತಿಯ ಮೇಲೊಮ್ಮೆ, ಬುಡದಲ್ಲೊಮ್ಮೆ ಹಾರಿ, ಎರಡೂ ಮಟ್ಟಗಳ ನಿವ್ವಳ ಬೆಳಕನ್ನು (ಇಳಿದದ್ದರಲ್ಲಿ ಮರಳಿದ್ದನ್ನು ಕಳೆದು ಉಳಿದದ್ದು) ಒಂದರಿಂದ ಒಂದು ಕಳೆದರೆ ಉಳಿಯುವುದೇ ಮೋಡ ಹೀರಿಕೊಂಡ ಪಾಲು. ಉಪಾಯ ಇಷ್ಟೇ. ಆದರೂ ಈ ಕಳೆಯುವ ಲೆಕ್ಕ ಅರ್ಧ ಶತಮಾನ ವಿಜ್ಞಾನಿಗಳನ್ನು ಕಾಡಿತು.

ಮೋಡದ ಹನಿಗಳ ಗಾತ್ರ ಸುಮಾರು 10 ಮೈಕ್ರೋಮೀಟರ್. ಕಣ್ಣಿಗೆ ಕಾಣುವ ಬೆಳಕನ್ನು ಅವು ಹೀರುವುದಿಲ್ಲವೆಂದೇ ಹೇಳಬಹುದು, ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಮೋಡ ಬೆಳ್ಳಗೆ ಕಾಣುವುದು ಅದಕ್ಕೇ. ನೀರು ಬಿಸಿಲನ್ನು ಹೀರುವುದು ಮುಖ್ಯವಾಗಿ ಅತಿಗೆಂಪಿನ ಭಾಗದಲ್ಲಿ. ಆದರೆ 1950ರ ದಶಕದಿಂದ ನಡೆದ ಹಲವು ಹಾರಾಟಗಳಲ್ಲಿ ಸಿಕ್ಕ ಹೀರಿಕೆ ಸಿದ್ಧಾಂತ ಹೇಳಿದ್ದಕ್ಕಿಂತ ಹೆಚ್ಚಾಗಿತ್ತು.

ವಾದ ಕಾವೇರಿದ್ದು 1995ರಲ್ಲಿ. ಹವಾಮಾನ ವಿಜ್ಞಾನಿಗಳಾದ ರಾಬರ್ಟ್ ಸೆಸ್ ಮತ್ತು ವೀರಭದ್ರನ್ ರಾಮನಾಥನ್ ಅವರ ತಂಡಗಳು ‘ಸೈನ್ಸ್’ ಪತ್ರಿಕೆಯಲ್ಲಿ, ಹವಾಮಾನವನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗಳು ತೋರಿಸುವ ಹೀರಿಕೆಯೇ ಸಾಲದು ಎಂದವು. ಪೀಟರ್ ಪಿಲೆವ್ಸ್ಕಿ ಮತ್ತು ಫ್ರಾನ್ಸಿಸ್ಕೊ ವಲೆರೊ, ಉಷ್ಣವಲಯದ ಮೋಡದ ಮೇಲೆ ಇಆರ್-2 ಮತ್ತು ಕೆಳಗೆ ಡಿಸಿ-8 ವಿಮಾನ ಹಾರಿಸಿ ಪಡೆದ ಅಳತೆಗಳನ್ನು ಮುಂದಿಟ್ಟರು. ಸೆಸ್ ತಂಡದ ಪ್ರಕಾರ ಹೆಚ್ಚುವರಿ ಹೀರಿಕೆ ಜಾಗತಿಕ ಸರಾಸರಿಯಲ್ಲಿ ಚದರ ಮೀಟರಿಗೆ ಸುಮಾರು 25 ವ್ಯಾಟ್. ಗಾಳಿಯ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿಯ ಶಾಖದ ಲೆಕ್ಕದಲ್ಲಿ ಉಂಟಾಗುವ ಬದಲಾವಣೆ ಸುಮಾರು 4 ವ್ಯಾಟ್! ಆ 25 ನಿಜವಾಗಿದ್ದರೆ ಹವಾಮಾನದ ಪಠ್ಯಗಳನ್ನೇ ತಿದ್ದಬೇಕಾಗುತ್ತಿತ್ತು.

ಸಂಶಯಕ್ಕೆ ಕಾರಣಗಳಿದ್ದವು. ಸೂರ್ಯ ನೆತ್ತಿಯಿಂದ 60 ಡಿಗ್ರಿ ವಾಲಿರುವಾಗ ವಿಮಾನ ಒಂದೇ ಒಂದು ಡಿಗ್ರಿ ಸೂರ್ಯನ ಕಡೆಗೋ ಆಚೆಗೋ ಓರೆಯಾದರೆ, ನೇರ ಬಿಸಿಲಿನ ಅಳತೆ ಶೇ 3ರಷ್ಟು ತಪ್ಪುತ್ತದೆ. ನೂರಾರು ವ್ಯಾಟ್‌ಗಳ ಎರಡು ಸಂಖ್ಯೆಗಳ ನಡುವಿನ ಚಿಕ್ಕ ಶೇಷವನ್ನು ಹುಡುಕುವವರಿಗೆ ಇದು ಸಣ್ಣ ತಪ್ಪಲ್ಲ. ಇದಕ್ಕಿಂತ ತೊಡಕಿನದು ಮೋಡದ ಆಕಾರ. ಗುಡ್ಡೆಗುಡ್ಡೆಯಾದ ಮೋಡದ ಪಕ್ಕಗಳಿಂದ ಬೆಳಕು ಹೊರಕ್ಕೆ ಸೋರುತ್ತದೆ. ಮೇಲೆ, ಕೆಳಗೆ ಮಾತ್ರ ನೋಡುವ ಉಪಕರಣಗಳ ಲೆಕ್ಕದಲ್ಲಿ ಸೋರಿದ್ದೂ ಮೋಡ ನುಂಗಿದಂತೆಯೇ!

1995ರ ಶರತ್ಕಾಲದಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಇದೇ ಹೀರಿಕೆಯನ್ನು ಅಳೆಯಲು ನಡೆದ ‘ಅರೀಸ್’ ಪ್ರಯೋಗವೂ ವಾದವನ್ನು ಮುಗಿಸಲಿಲ್ಲ. 2000ದ ವಸಂತದಲ್ಲಿ ಅಲ್ಲೇ ನಡೆದ ಎರಡನೇ ಸುತ್ತು ನನ್ನ ಮೆಚ್ಚಿನದು. ಒಂದೇ ಟ್ವಿನ್ ಆಟರ್ ವಿಮಾನದಲ್ಲಿ ಬೇರೆಬೇರೆ ತಂಡಗಳು ತಮ್ಮ ಉಪಕರಣಗಳನ್ನು ಅಕ್ಕಪಕ್ಕ ಕೂರಿಸಿ, ನೆಲದ ಮಾಪಕಗಳ ಮೇಲೆಯೇ ಹಾರಿಸಿದವು. ಒಂದೇ ಹಾಸಿನಂತೆ ಹರಡಿದ ದಟ್ಟ ಮೋಡದ ದಿನಗಳಲ್ಲಿ ಅಳತೆ ಮತ್ತು ಮಾದರಿ ಹೆಚ್ಚುಕಡಿಮೆ ಹೊಂದಿಕೊಂಡವು. ದೊಡ್ಡ ಹೆಚ್ಚುವರಿ ಹೀರಿಕೆ ಸಿಗಲಿಲ್ಲ.

ಈಗ ಉಪಕರಣಗಳು ಬೆಳಕನ್ನು ತರಂಗಾಂತರದ ಪ್ರಕಾರ ಬಿಡಿಸಿ ಅಳೆಯುತ್ತವೆ. ಅತಿಗೆಂಪಿನಲ್ಲಿ ನೀರಿನ ಪಾಲು, ಕಾಣುವ ಬೆಳಕಿನಲ್ಲಿ ಹೊಗೆಯ ಪಾಲು ಎಂದು ಹೆಚ್ಚಿನ ಮಟ್ಟಿಗೆ ಗುರುತಿಸಬಹುದು. 2016ರಿಂದ 2018ರವರೆಗೆ ನಾಸಾದ ‘ಒರಾಕಲ್ಸ್’ ಅಭಿಯಾನ ಆಗ್ನೇಯ ಅಟ್ಲಾಂಟಿಕ್‌ನಲ್ಲಿ ಇದನ್ನೇ ಮಾಡಿತು. ಅಲ್ಲಿ ಆಫ್ರಿಕಾದ ಬೆಂಕಿಗಳ ಹೊಗೆ ಬಿಳಿ ಮೋಡದ ಹಾಸಿನ ಮೇಲೆ ತೇಲುತ್ತದೆ. ಇಳಿಯುವ ಬಿಸಿಲನ್ನು ಒಮ್ಮೆ ಹೀರುತ್ತದೆ, ಮೋಡ ಹಿಂದಕ್ಕೆ ಚಿಮ್ಮಿಸಿದ ಬೆಳಕನ್ನು ಮತ್ತೊಮ್ಮೆ.